ಹಾವಿನ ಬಟ್ಟಲು

2024ರ ಬೇಸಿಗೆಯಲ್ಲಿ ಒಂದು ಭಾನುವಾರ, ಲಿಂಗಂಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯವರು ಒಂದು ಫಾರಂ ತುಂಬಲು ಸಹಾಯ ಕೇಳಿಕೊಂಡು ಬಂದರು. ಬ್ಯಾಂಕಿನವನು ಅಂದಮೇಲೆ ಫಾರಂ ತುಂಬೋದು ಗೊತ್ತಿರಲೇಬೇಕು ಅನ್ನೋದು ಜನರ ನಂಬಿಕೆ! ನೋಡಿದರೆ ಅದು ಸಾಲದ ಅರ್ಜಿಯಲ್ಲ, ಅವರ ಮಗ ಸಾಕಿದ ಹಾವಿನದು. ಬಾಲ್ ಪೈಥಾನ್ ಅಂತ, ಪಶ್ಚಿಮ ಆಫ್ರಿಕಾ ಕಡೆಯ ಸಾಧು ಹೆಬ್ಬಾವು.

ನಮ್ಮ ದೇಶದ ಹಾವುಗಳನ್ನು ಮನೆಯಲ್ಲಿ ಸಾಕುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ವಿದೇಶಿ ಹಾವುಗಳ ಬಗ್ಗೆ ಮಾತ್ರ ಬಹಳ ಕಾಲ ಕೇಳುವವರಿರಲಿಲ್ಲ. 2020ರಲ್ಲಿ ಕೇಂದ್ರ ಸರ್ಕಾರ 'ನೀವಾಗಿಯೇ ಬಂದು ಹೇಳಿ' ಅಂದಿತು. 2022ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. 2024ರ ನಿಯಮಗಳ ಪ್ರಕಾರ ಇಂಥ ಪ್ರಾಣಿಗಳನ್ನು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ಹಾವಿಗೂ ಕೆವೈಸಿ ಅಂದುಕೊಳ್ಳಿ.

ಫಾರಂ ಆಯಿತು. ಹುಡುಗ ಹಾವು ತೋರಿಸಿದ. ಮೂರಡಿ ಉದ್ದದ ಹಾವು, ಪಕ್ಕದಲ್ಲಿ ನಾವು ಚಟ್ನಿ ಹಾಕಿಕೊಳ್ಳುವಷ್ಟು ದೊಡ್ಡ ಸ್ಟೀಲ್ ಬಟ್ಟಲು. ಅದೂ ಮಗುಚಿ ಬಿದ್ದಿತ್ತು. ಹಾವಿನ ಮೈಮೇಲೆ ಹಳೆ ಪೊರೆ ಚೂರು ಚೂರಾಗಿ ಅಂಟಿಕೊಂಡಿತ್ತು.

ಆ ಬಟ್ಟಲು ನೋಡಿದ್ದೇ ನನಗೆ ಊರು ನೆನಪಾಯಿತು. ರಾಯಚೂರು ಕಡೆಯ ನಮ್ಮ ಹಳ್ಳಿಯಲ್ಲಿ ಪಂಚಮಿ ಅಂದರೆ ಜೋಕಾಲಿ, ತಂಬಿಟ್ಟು, ಅಳ್ಳು. ಕೊಬ್ಬರಿ ಬಟ್ಟಲಲ್ಲಿ ಹಾಲು ತಗೊಂಡು ಹುತ್ತಕ್ಕೆ ಹೋಗಿ, ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು ಅಂತ ಎರೆಯುತ್ತಿದ್ದೆವು. ನಿಮ್ಮಲ್ಲಿ ಉತ್ತರ ಕರ್ನಾಟಕದವರಿಗೆ ಇದನ್ನು ಹೇಳಬೇಕಾಗಿಲ್ಲ. ಒಂದು ವರ್ಷ ಹಾವಾಡಿಗನೊಬ್ಬ ಮನೆ ಮುಂದೆ ಬುಟ್ಟಿ ತೆರೆದ. ಅವ್ವ ಕೊಬ್ಬರಿ ಬಟ್ಟಲು ಮುಂದಿಟ್ಟಳು. ನಾಗರಹಾವು ಬಾಯಿಟ್ಟು ಕುಡಿದೇಬಿಟ್ಟಿತು! ಅವ್ವನ ಕಣ್ಣಲ್ಲಿ ನೀರು. ನಾನಂತೂ ಓಣಿ ತುಂಬ ಸಾರಿಕೊಂಡು ಬಂದೆ.

ಅದು ಭಕ್ತಿಯಲ್ಲ, ಬಾಯಾರಿಕೆ ಅಂತ ತಿಳಿದದ್ದು ಹೈದರಾಬಾದಿಗೆ ಬಂದು ಎಷ್ಟೋ ವರ್ಷಗಳ ಮೇಲೆ. ಇಲ್ಲಿ ಫ್ರೆಂಡ್ಸ್ ಆಫ್ ಸ್ನೇಕ್ಸ್ ಸೊಸೈಟಿಯವರು ಪಂಚಮಿಯ ಹೊತ್ತಿಗೆ ಹಾವಾಡಿಗರಿಂದ ಬಿಡಿಸಿದ ಹಾವುಗಳ ಸ್ಥಿತಿ ಪತ್ರಿಕೆಯಲ್ಲಿ ಓದಿದೆ. ಹಬ್ಬಕ್ಕೆ ಮೊದಲು ವಾರಗಟ್ಟಲೆ ನೀರು ಕೊಡದೆ ಇಟ್ಟರೆ, ಎದುರಿಗೆ ಬಂದ ಯಾವ ದ್ರವವಾದರೂ ಅದು ಕುಡಿಯುತ್ತದೆ. ಹಾಲು ಜೀರ್ಣವಾಗುವುದಿಲ್ಲ, ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ಕೆಲವು ಹಾವುಗಳ ಬಾಯಿಗೆ ಹೊಲಿಗೆ ಕೂಡ ಹಾಕಿರುತ್ತಿದ್ದರು. ನಮ್ಮ ಹಾವಾಡಿಗನ ಬುಟ್ಟಿಯಲ್ಲಿ ನೀರಿನ ಬಟ್ಟಲು ಇಡುವ ಜಾಗವೇ ಇರಲಿಲ್ಲ ಅನ್ನೋದು ಈಗ ಹೊಳೆಯುತ್ತದೆ. (ಕಲ್ಲು ನಾಗರಕ್ಕೆ ಒಂದು, ನಿಜವಾದ ನಾಗರಕ್ಕೆ ಇನ್ನೊಂದು ಅಂತ ನಡೆದುಕೊಳ್ಳುವ ನಮ್ಮ ರೀತಿಯನ್ನು ಬಸವಣ್ಣನವರು 12ನೇ ಶತಮಾನದಲ್ಲೇ ಕೇಳಿ ಮುಗಿಸಿದ್ದಾರೆ. ಆ ವಚನ ನಿಮಗೆಲ್ಲ ಬಾಯಿಪಾಠ.)

ಹಾವನ್ನು ಗಾಜಿನ ಹಿಂದೆ ಇಟ್ಟು ನೋಡುವ ಪದ್ಧತಿ ಬೇರೆ ಕಡೆಯಿಂದ ಬಂದದ್ದು. ಲಂಡನ್ನಿನ ಮೃಗಾಲಯದಲ್ಲಿ 1849ರಲ್ಲಿ ಸರೀಸೃಪಗಳಿಗೆಂದೇ ಮನೆ ತೆರೆದರು, ಜಗತ್ತಿನಲ್ಲಿ ಅದೇ ಮೊದಲು. ನಮ್ಮಲ್ಲಿ ರಾಮ್ಯುಲಸ್ ವಿಟೇಕರ್ ಅವರ ಮದರಾಸಿನ ಹಾವಿನ ಪಾರ್ಕ್ ಗಿಂಡಿಯಲ್ಲಿ ಶುರುವಾದದ್ದು 1972ರಲ್ಲಿ. ಇದೇ ವಿಟೇಕರ್ 2005ರಲ್ಲಿ ನಮ್ಮ ಆಗುಂಬೆಯಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರ ಕಟ್ಟಿದವರು. ಹಾವಿನ ಚರ್ಮದ ವ್ಯಾಪಾರ ನಿಂತು ಕೆಲಸ ಕಳೆದುಕೊಂಡ ಇರುಳರು 1978ರಲ್ಲಿ ಸಹಕಾರ ಸಂಘ ಮಾಡಿಕೊಂಡರು. ಅವರು ಹಾವುಗಳನ್ನು ಮಣ್ಣಿನ ಮಡಕೆಯಲ್ಲಿಟ್ಟು, ಬಾಯಿಗೆ ಬಟ್ಟೆ ಕಟ್ಟಿ, ಕೆಲವು ವಾರ ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ.

ಇನ್ನು ಹಾವು ನೀರು ಕುಡಿಯುವುದು ಹೇಗೆ? ನಾಲಿಗೆಯಿಂದಲ್ಲ, ಅದು ವಾಸನೆ ಹಿಡಿಯಲು. ಬಾಯಿ ಪಂಪಿನ ಹಾಗೆ ನೀರು ಎಳೆಯುತ್ತದೆ ಅಂತ ತಿಳಿದಿದ್ದರು. 2012ರಲ್ಲಿ ಅಮೆರಿಕದ ಡೇವಿಡ್ ಕಂಡಾಲ್ ಮತ್ತು ಜೊತೆಗಾರರು, ಕೆಲವು ಹಾವುಗಳಲ್ಲಿ ಕೆಳದವಡೆಯ ಮಡಿಕೆಗಳು ಸ್ಪಂಜಿನಂತೆ ನೀರು ಹೀರುತ್ತವೆ, ಬಾಯಿಯ ಸ್ನಾಯುಗಳು ಅದನ್ನು ಹಿಂಡಿ ಒಳಕ್ಕೆ ತಳ್ಳುತ್ತವೆ ಅಂತ ತೋರಿಸಿದರು. ಕುಡಿಯಲು ಮಾತ್ರವಾದರೆ ಚಟ್ನಿ ಬಟ್ಟಲೇ ಸಾಕಿತ್ತು! ಆದರೆ ಪೊರೆ ಬಿಡುವ ಕಾಲದಲ್ಲಿ ಹಾವು ನೀರಲ್ಲಿ ಸುತ್ತಿಕೊಂಡು ಮಲಗಲು ಬಯಸುತ್ತದೆ. ಹಾಗಾಗಿ ಅದು ಸುತ್ತಿಕೊಂಡರೆ ಹಿಡಿಸುವಷ್ಟು ಅಗಲ ಬೇಕು, ಮಗುಚದಷ್ಟು ಭಾರ ಬೇಕು. ಅಂಚಿನವರೆಗೆ ತುಂಬಬಾರದು. ಹಾವು ಇಳಿದರೆ ನೀರು ಏರುತ್ತದಲ್ಲ, ಅರ್ಧ ಸಾಕು. ಹಾಗಂತ ಸಣ್ಣ ಪೆಟ್ಟಿಗೆಯಲ್ಲಿ ದೊಡ್ಡ ಪಾತ್ರೆ ಇಟ್ಟು ಒಳಗೆಲ್ಲ ಒದ್ದೆಯಾದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ. ಮರಿಗೆ ಆಳವಿಲ್ಲದ ತಟ್ಟೆ ವಾಸಿ. ಹಾವು ನೀರಲ್ಲೇ ಗಲೀಜು ಮಾಡುವುದೂ ಉಂಟು, ಆದ್ದರಿಂದ ದಿನಾ ನೀರು ಬದಲಿಸಬೇಕು. ಸದಾ ನೀರಲ್ಲೇ ಬಿದ್ದುಕೊಂಡಿದ್ದರೆ ಬಟ್ಟಲಿನ ಅಳತೆ ಬಿಟ್ಟು ಮೈಮೇಲೆ ಉಣ್ಣೆ ಇದೆಯಾ, ಪೆಟ್ಟಿಗೆ ಬಿಸಿಯಾಗಿದೆಯಾ ಅಂತ ನೋಡಬೇಕು.

ಇಷ್ಟೆಲ್ಲ ಹುಡುಗನಿಗೆ ಹೇಳಿ ಬಂದೆ. ಮರುದಿನ ಅವನ ಅಮ್ಮ ಲಿಫ್ಟಿನಲ್ಲಿ ಸಿಕ್ಕು, ಮೊಸರು ಹೆಪ್ಪು ಹಾಕುವ ಪಿಂಗಾಣಿ ಬೋಗುಣಿ ಕಾಣೆಯಾಗಿದೆ ಅಂತ ನನ್ನ ಮೇಲೆ ಕಣ್ಣು ಬಿಟ್ಟರು. ಹಾವು ಅದರಲ್ಲಿ ಮಲಗಿತ್ತಂತೆ. ಪೊರೆ ಪೂರ್ತಿ ಬಿಟ್ಟಿತಂತೆ.