ರೋಣದ ಭೀಮಸೇನ, ಗಾಂಧಾರಿ ಹುಬ್ಬಳ್ಳಿ ಮತ್ತು ನಮ್ಮ ಅಟ್ಟದ ಮೇಲಿನ ಪ್ಲೇಟುಗಳು

ಪಂಡಿತ ಭೀಮಸೇನ ಜೋಶಿ ಹುಟ್ಟಿದ್ದು ನಮ್ಮ ರೋಣದಲ್ಲಿ, 1922ರ ಫೆಬ್ರುವರಿ 4ರಂದು. ಇದು ರೋಣ, ನರಗುಂದ, ಗಜೇಂದ್ರಗಡ ಕಡೆಯವರಿಗೆ ಹೊಸ ಸುದ್ದಿಯಲ್ಲ. 2008ರಲ್ಲಿ ಭಾರತರತ್ನ ಘೋಷಣೆಯಾದಾಗ ನಾವೆಲ್ಲ ಹೆಮ್ಮೆಪಟ್ಟವರೇ. ಆದರೆ ನಾವು ಕೇಳುವ ಭೀಮಸೇನರು ಹೆಚ್ಚಾಗಿ ಕ್ಯಾಸೆಟ್ ಕಾಲದವರು, ದಾಸವಾಣಿಯವರು. ಹೆಸರು ಬರುವ ಮೊದಲು ಹಾಡಿದ ಹುಡುಗನ ದನಿ ಉಳಿದದ್ದು ಗ್ರಾಮಫೋನ್ ಪ್ಲೇಟಿನಲ್ಲಿ. ಇವತ್ತು ಆ ಪ್ಲೇಟುಗಳ ಕಥೆ ಹೇಳುತ್ತೇವೆ.

ಭೀಮಸೇನರ ಸಂಗೀತದ ದಾರಿ ಶುರುವಾದದ್ದೇ ಒಂದು ಪ್ಲೇಟಿನಿಂದ. ಗದಗಿನಲ್ಲಿ ಬಾಲಕನಾಗಿದ್ದಾಗ ಉಸ್ತಾದ್ ಅಬ್ದುಲ್ ಕರೀಂ ಖಾನ್ ಹಾಡಿದ ಝಿಂಝೋಟಿ ರಾಗದ ಠುಮ್ರಿಯನ್ನು ಅವರು ಪ್ಲೇಟಿನಲ್ಲಿ ಕೇಳಿದರು. ಹಾಗೆ ಹಾಡಬೇಕು ಅಂತ ಹಟ ಹಿಡಿದರು. 1933ರಲ್ಲಿ, 11ನೇ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಗ್ವಾಲಿಯರ್, ಜಲಂಧರ್ ಸುತ್ತಿ ಕೊನೆಗೆ ಬಂದು ನಿಂತದ್ದು ನಮ್ಮ ಪಕ್ಕದ ಕುಂದಗೋಳದಲ್ಲಿ. ಅಲ್ಲಿದ್ದ ಸವಾಯಿ ಗಂಧರ್ವರು ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ಪ್ಲೇಟಿನಲ್ಲಿ ಕೇಳಿದ ದನಿಯ ಜಾಡು ಹಿಡಿದ ಹುಡುಗ ಆ ದನಿಯ ಮನೆತನಕ್ಕೇ ಬಂದು ಸೇರಿದ. ಅದಕ್ಕೆ ಕಿರಾಣಾ ಘರಾಣೆ ಅನ್ನುತ್ತಾರೆ.

ಅದೇ ಗುರುವಿನ ಹತ್ತಿರ ಕಲಿತ ಇನ್ನೊಬ್ಬರು ಗಂಗೂಬಾಯಿ ಹಾನಗಲ್. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದವರು. ಅವರ ಮೊದಲ ಪ್ಲೇಟುಗಳನ್ನು 1930ರ ದಶಕದ ಆರಂಭದಲ್ಲಿ ಎಚ್‌ಎಂವಿ ಕಂಪನಿ ತಂದಿತು. ಆದರೆ ಆ ಪ್ಲೇಟಿನ ಮೇಲೆ ಗಂಗೂಬಾಯಿ ಅನ್ನುವ ಹೆಸರಿಲ್ಲ. ‘ಗಾಂಧಾರಿ ಹುಬ್ಬಳ್ಳಿ’ ಅಂತಿದೆ. ಮುಂದೆ ಅದು ‘ಗಾಂಧಾರಿ ಹಾನಗಲ್’ ಆಯಿತು. ಆ ಹೆಸರಿನಲ್ಲಿ ಜಿ. ಎನ್. ಜೋಶಿಯವರ ಜೊತೆ ಮರಾಠಿ ಭಾವಗೀತೆಗಳನ್ನೂ ಹಾಡಿದ್ದಾರೆ. ಹೆಸರು ಬೇರೆ ಇದ್ದದ್ದರಿಂದ ಮನೆಯಲ್ಲಿ ಪ್ಲೇಟು ಇದ್ದರೂ ಇದು ಯಾರದ್ದೋ ಅಂತ ಬಿಟ್ಟುಬಿಡುವ ಸಾಧ್ಯತೆ ಹೆಚ್ಚು.

ದನಿಯೂ ಬೇರೆ. ಗಂಡು ದನಿ ಅನ್ನುವಷ್ಟು ಗಂಭೀರವಾದ ಗಂಗೂಬಾಯಿಯವರ ಕಂಠ ನಮಗೆ ಗೊತ್ತು. ಆ ಕಂಠ ಬಂದದ್ದು 1940ರ ದಶಕದಲ್ಲಿ ಗಂಟಲಿಗೆ ಶಸ್ತ್ರಚಿಕಿತ್ಸೆ ಆದ ಮೇಲೆ. ಅದಕ್ಕೂ ಮೊದಲಿನದು ತೆಳುವಾದ, ಎತ್ತರದ ಹೆಣ್ಣು ದನಿ. ಆಮೇಲೆ ಆರು ದಶಕ ಹಾಡಿದರೂ ಆ ದನಿ ಅವರಿಗೇ ಮರಳಿ ಬರಲಿಲ್ಲ. ಅದು ಉಳಿದಿರುವುದು ಗಾಂಧಾರಿಯ ಪ್ಲೇಟುಗಳಲ್ಲಿ ಮಾತ್ರ.

ಭೀಮಸೇನರದ್ದೂ ಹಾಗೇ. 20 ವರ್ಷದ ಆಸುಪಾಸಿನಲ್ಲಿ ಎಚ್‌ಎಂವಿಗೆ ಕೆಲವು ಭಕ್ತಿಗೀತೆ ಹಾಡಿದರು. ಆಗ ಅವರು ದೊಡ್ಡ ಹೆಸರಲ್ಲ. 1946ರಲ್ಲಿ ಪುಣೆಯಲ್ಲಿ ಗುರುಗಳ 60ನೇ ಹುಟ್ಟುಹಬ್ಬದ ಸಮಾರಂಭದಲ್ಲಿ ಹಾಡಿದ ಮೇಲೆ ಜನ ಅವರನ್ನು ಗುರುತಿಸಿದರು. ಗಂಟೆಗಟ್ಟಲೆ ಒಂದೇ ರಾಗ ಹಾಡಿದ ಭೀಮಸೇನರು ಆ ಪ್ಲೇಟುಗಳಲ್ಲಿ ಮೂರೇ ನಿಮಿಷದಲ್ಲಿ ಮುಗಿಸಬೇಕಿತ್ತು. ಹತ್ತು ಇಂಚಿನ, ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯುವುದು ಅಷ್ಟೇ.

ಈ ಪ್ಲೇಟುಗಳನ್ನು ಅರಗಿನಿಂದ ಮಾಡುತ್ತಿದ್ದರು. ಕೈ ಜಾರಿ ಬಿದ್ದರೆ ಹಂಚಿನ ಹಾಗೆ ಒಡೆಯುತ್ತವೆ. ಅಜ್ಜನ ಕಾಲದಲ್ಲಿ ಚಾವಿ ಕೊಟ್ಟು ಹಚ್ಚುವ ಗ್ರಾಮಫೋನ್ ಇದ್ದ ಮನೆಗಳಲ್ಲಿ ಅವು ಇನ್ನೂ ಅಟ್ಟದ ಮೇಲೆ, ಹಳೇ ಟ್ರಂಕಿನಲ್ಲಿ ಇರಬಹುದು. ಮನೆ ಕೆಡವಿ ಕಟ್ಟುವಾಗ ಗುಜರಿಗೆ ಹೋಗುವುದು ಇಂಥವೇ. ಪೇಟೆಯವರು ಅವನ್ನು ಗೋಡೆ ಗಡಿಯಾರ ಮಾಡಿ ಮಾರುವುದೂ ಉಂಟು.

ನಿಮ್ಮ ಮನೆಯಲ್ಲಿ ಪ್ಲೇಟು ಇದ್ದರೆ ನಾವು ಹೇಳುವುದು ಇಷ್ಟು. ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಬಿಸಿಲಿಗೆ ಇಡಬೇಡಿ. ಒಣಗಿದ ಮೆತ್ತನೆ ಬಟ್ಟೆಯಿಂದ ಒರೆಸಿ. ಸ್ಪಿರಿಟ್, ಸ್ಯಾನಿಟೈಸರ್ ಹಚ್ಚಲೇಬೇಡಿ, ಅರಗು ಕರಗುತ್ತದೆ. ತುಕ್ಕು ಹಿಡಿದ ಹಳೇ ಮುಳ್ಳು ಇಟ್ಟು ಹಚ್ಚಿದರೆ ಗೆರೆಗಳೇ ಹಾಳಾಗುತ್ತವೆ. ಮೊದಲು ಎರಡೂ ಮಗ್ಗುಲಿನ ಚೀಟಿಯ ಫೋಟೊ ತೆಗೆಯಿರಿ. ಚೀಟಿಯ ಪಕ್ಕದಲ್ಲಿ ಕೊರೆದ ನಂಬರೂ ಕಾಣಲಿ. ಯಾವ ಪ್ಲೇಟು, ಯಾವ ಕಾಲದ್ದು ಅಂತ ತಿಳಿದವರು ಆ ನಂಬರ್ ನೋಡಿಯೇ ಹೇಳುತ್ತಾರೆ.

ಚೀಟಿಯ ಮೇಲೆ ಗಾಂಧಾರಿ ಅಂತಿದ್ದರೆ ಅವರು ನಮ್ಮ ಗಂಗೂಬಾಯಿ. ರಾಮಭಾವು ಕುಂದಗೋಳಕರ್ ಅಂದರೆ ಸವಾಯಿ ಗಂಧರ್ವರು. 2009ರಲ್ಲಿ ಗಂಗೂಬಾಯಿ, 2011ರಲ್ಲಿ ಭೀಮಸೇನರು ತೀರಿಕೊಂಡರು. ಇನ್ನು ಹೊಸ ಪ್ಲೇಟು ಹುಟ್ಟುವುದಿಲ್ಲ. ಇದ್ದವನ್ನು ಗುಜರಿಗೆ ಹಾಕುವ ಮೊದಲು ಒಂದು ಸಲ ಹೆಸರು ಓದಿರಿ.