ಕಡಲೊಳಗಣ ಚಿತ್ರಶಾಲೆ

ಫ್ರಾನ್ಸ್ ದೇಶದ ದಕ್ಷಿಣ ತೀರದಲ್ಲಿ, ಮಾರ್ಸೇಯ್ ನಗರಕ್ಕೆ ಅನತಿದೂರದಲ್ಲಿ, ಸುಣ್ಣಕಲ್ಲಿನ ಬೆಟ್ಟಗಳು ನೆಟ್ಟಗೆ ಕಡಲಿಗಿಳಿದಿರುವುವು. ಅವುಗಳಲ್ಲೊಂದರ ಬುಡದಲ್ಲಿ, ನೀರಿನ ಮಟ್ಟಕ್ಕಿಂತ 37 ಮೀಟರು ಕೆಳಗೆ, ಒಂದು ಗುಹೆಯ ಬಾಯಿ ಇರುವುದು. ಅಲ್ಲಿಂದ ನೀರು ತುಂಬಿದ ಉದ್ದನೆಯ ಸುರಂಗದಲ್ಲಿ ಮೇಲಕ್ಕೆ ಈಜಿಹೋದವನಿಗೆ ಗಾಳಿಯುಳ್ಳ ಗಹ್ವರವೊಂದು ಸಿಕ್ಕುವುದು. ಆನ್ರಿ ಕೊಸ್ಕೆರ್ ಎಂಬ ಮುಳುಗುಗಾರನು 1985ರಲ್ಲಿ ಇದನ್ನು ಹೊಕ್ಕನು. 1991ರಲ್ಲಿ ಅದರ ಗೋಡೆಯ ಮೇಲೆ ಮನುಷ್ಯನ ಕೈಯ ಗುರುತೊಂದು ಅವನ ಕಣ್ಣಿಗೆ ಬಿದ್ದಿತು. ಅದೇ ವರ್ಷ ಮೂವರು ಮುಳುಗುಗಾರರು ಆ ಸುರಂಗದಲ್ಲಿ ಪ್ರಾಣ ನೀಗಿದರು. ಅನಂತರವೇ ಗುಹೆಯ ಸಂಗತಿಯು ಲೋಕಕ್ಕೆ ತಿಳಿಯಿತು.

ಕುದುರೆ, ಕಾಡುಕೋಣ, ಸೀಲ್ ಮೊದಲಾದ ಪ್ರಾಣಿಗಳೂ, 19ನೆಯ ಶತಮಾನದಲ್ಲಿ ನಿರ್ವಂಶವಾದ ದೊಡ್ಡದೊಂದು ಕಡಲಹಕ್ಕಿಯೂ ಅಲ್ಲಿ ಚಿತ್ರಿತವಾಗಿವೆ. ಇವು ಇತ್ತೀಚಿನ ಕೃತ್ರಿಮವೆಂದು ಕೆಲವು ಪಂಡಿತರು ಶಂಕಿಸಿದರು. ಚಿತ್ರಗಳ ಇದ್ದಿಲಿನಲ್ಲಿ ಉಳಿದಿದ್ದ ವಿಕಿರಣ ಇಂಗಾಲವನ್ನು ಅಳೆದುನೋಡಲಾಗಿ ಆ ಶಂಕೆಯು ನಿವಾರಣೆಯಾಯಿತು. ಸುಮಾರು 33,000 ವರ್ಷಗಳ ಹಿಂದಿನಿಂದ 19,000 ವರ್ಷಗಳ ಹಿಂದಿನವರೆಗೆ ಮನುಷ್ಯರು ಅಲ್ಲಿಗೆ ಬರುತ್ತಿದ್ದರೆಂದು ಈಗ ತಿಳಿದಿದೆ.

ಅವರು ನೀರಿನಲ್ಲಿ ಮುಳುಗಿ ಬಂದವರಲ್ಲ. ಹಿಮಯುಗದಲ್ಲಿ ಕಡಲು ನೂರು ಮೀಟರಿಗೂ ಹೆಚ್ಚು ಕೆಳಗಿದ್ದು, ತೀರವು ಬಹು ದೂರದಲ್ಲಿದ್ದಿತು. ಹಿಮವು ಕರಗಿ ನೀರೇರಿದಾಗ ಗುಹೆಯ ಹೆಚ್ಚಿನ ಭಾಗವು ಮುಳುಗಿತು. ಉಳಿದ ಭಾಗಕ್ಕೆ ಆ ನೀರೇ ಬಾಗಿಲಾಗಿ, ಸಾವಿರಾರು ವರ್ಷ ಕಾವಲಿದ್ದಿತು. ಈಗಲಾದರೋ ಭೂಮಿಯ ಕಾವು ಹೆಚ್ಚಿ ಕಡಲು ಮತ್ತೆ ಏರುತ್ತಿದೆ; ಕುದುರೆಗಳ ಚಿತ್ರದ ಕೆಳಗಣ ಅಂಚನ್ನು ನೀರು ಮುಟ್ಟುತ್ತಿದೆ. ಕಾದ ಕಡಲೇ ಕಳ್ಳನಾದರೆ ದೂರು ಯಾರಿಗೆ?

ಕಡಲಿಗೆ ಕಟ್ಟೆ ಹಾಕುವಂತಿಲ್ಲ, ಬಂಡೆಯನ್ನು ಕಿತ್ತು ತರುವಂತಿಲ್ಲ. ಆದುದರಿಂದ ವಿದ್ವಾಂಸರು ಡಿಜಿಟಲ್ ದಾಖಲೆಯನ್ನು ಆಶ್ರಯಿಸಿದರು. ಲೇಸರ್ ಕಿರಣವು ಗೋಡೆಯ ಒಂದೊಂದು ಬಿಂದುವಿನ ದೂರವನ್ನೂ ಅಳೆಯುವುದು. ಒಂದರಂಚಿನ ಮೇಲೊಂದು ಬರುವಂತೆ ತೆಗೆದ ಛಾಯಾಚಿತ್ರಗಳು ಬಣ್ಣವನ್ನೂ ಉಬ್ಬುತಗ್ಗುಗಳನ್ನೂ ಕೊಡುವುವು. ಇವೆರಡನ್ನೂ ಗಣಕಯಂತ್ರದಲ್ಲಿ ಕೂಡಿಸಿದರೆ ಗುಹೆಯ ಘನಾಕೃತಿಯು ಮೂಡುವುದು. ಹಿಂದೆ ಚಿತ್ರಕಾರನು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದಾಗ ತನಗೆ ಮುಖ್ಯವೆಂದು ತೋರಿದುದನ್ನೇ ಬರೆಯುತ್ತಿದ್ದನು. ಯಂತ್ರವಾದರೋ ರೇಖೆಯೊಡನೆ ಬಿರುಕನ್ನೂ ಕಲೆಯನ್ನೂ ಅಳೆದಿಡುವುದು. ವರ್ಷವರ್ಷದ ಅಳತೆಗಳನ್ನು ಹೋಲಿಸಿ, ಎಷ್ಟು ಅಳಿಯಿತೆಂದು ತಿಳಿಯಬಹುದು. ಈ ದಾಖಲೆಯ ಆಧಾರದಿಂದಲೇ 2022ರಲ್ಲಿ ಮಾರ್ಸೇಯ್ ನಗರದಲ್ಲಿ ಗುಹೆಯ ಪ್ರತಿರೂಪವೊಂದು ಜನರಿಗೆ ತೆರೆಯಿತು.

ಪ್ರತಿರೂಪವು ಮೂಲವಾಗದೆಂಬುದು ನಿಜ. ಆದರೆ ಕೊಸ್ಕೆರನು ಮೊದಲು ಕಂಡುದೇನು? ಆದಿಮಾನವನು ಬಂಡೆಯ ಮೇಲೆ ಅಂಗೈಯಿಟ್ಟು, ಸುತ್ತಲೂ ಬಣ್ಣ ಊದಿ, ಕೈ ತೆಗೆದುಕೊಂಡನು. ಉಳಿದುದು ಕೈಯಲ್ಲ, ಕೈಯಿದ್ದ ಎಡೆ. ಮುಂದೊಂದು ದಿನ ಗುಹೆಯೂ ಹೀಗೆಯೇ, ತಾನಿದ್ದ ಗುರುತನ್ನಷ್ಟೇ ಉಳಿಸಬಹುದು. ಆ ಗುರುತು ಸರಿಯಾಗಿರಬೇಕಾದರೆ ಕೈ ಬಂಡೆಯ ಮೇಲಿರುವಾಗಲೇ ಬಣ್ಣವನ್ನೂದಬೇಕು.