ಪ್ರಶ್ನೆ ಕೇಳಿದ ಗೃಹಿಣಿ

ದೇಶಕ್ಕೆಲ್ಲ ದೂರದರ್ಶನವೊಂದೇ ಇದ್ದ ಕಾಲ. 1985ರಲ್ಲಿ ಬಾಸು ಚಟರ್ಜಿ ನಿರ್ದೇಶನದ ಹಿಂದಿ ಧಾರಾವಾಹಿ ‘ರಜನಿ’ ಆರಂಭವಾಯಿತು. ಕಚೇರಿಯ ವಿಳಂಬ, ವ್ಯಾಪಾರದ ಮೋಸಗಳನ್ನು ಎದುರು ನಿಂತು ಪ್ರಶ್ನಿಸುವ ಸಾಮಾನ್ಯ ಗೃಹಿಣಿಯೇ ಅದರ ನಾಯಕಿ. ಆ ಪಾತ್ರ ಪ್ರಿಯಾ ತೆಂಡೂಲ್ಕರ್ ಅವರದು.

ಮರಾಠಿ ನಾಟಕಕಾರ ವಿಜಯ ತೆಂಡೂಲ್ಕರ್ ಅವರ ಮಗಳಾದ ಪ್ರಿಯಾ, 1974ರ ‘ಅಂಕುರ್’ ಚಿತ್ರದಲ್ಲಿ ಅನಂತನಾಗ್ ಅವರ ಪತ್ನಿಯಾಗಿ ನಟಿಸಿದ್ದರು. ಶಂಕರ್‌ನಾಗ್ ಅವರ ‘ಮಿಂಚಿನ ಓಟ’ದಿಂದ 1980ರಲ್ಲೇ ಕನ್ನಡಿಗರಿಗೂ ಪರಿಚಿತರು. ಆದರೆ ಮನೆಮಾತಾದದ್ದು ರಜನಿಯಾಗಿ. ಟ್ಯಾಕ್ಸಿ ಚಾಲಕರ ಕುರಿತ ಕಂತಿಗೆ ಮುಂಬಯಿಯ ಚಾಲಕರು ಪ್ರತಿಭಟಿಸಿದರೆಂದರೆ ಏಟು ತಟ್ಟಿತ್ತೆಂದೇ ಅರ್ಥ.

ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದದ್ದು 1986ರಲ್ಲಿ. ಅದಕ್ಕೂ ಮೊದಲೇ ರಜನಿ ಗ್ರಾಹಕರ ಹಕ್ಕಿನ ಮಾತನ್ನು ಮನೆಯೊಳಗೆ ತಂದಿದ್ದಳು. 1990ರ ದಶಕದಲ್ಲಿ ಪ್ರಿಯಾ ತಮ್ಮದೇ ಹೆಸರಿನ ಚರ್ಚಾ ಕಾರ್ಯಕ್ರಮದಲ್ಲಿ ಪ್ರಶ್ನೆ ಕೇಳುವುದನ್ನು ಮುಂದುವರಿಸಿದರು. 2002ರಲ್ಲಿ ನಿಧನರಾದಾಗ ಅವರಿಗೆ ಕೇವಲ 47 ವರ್ಷ.